ದಿನಬಳಕೆಯ ಇಂಗ್ಲಿಷ್: ಯಾವ ಪದ, ಯಾವ ಕ್ರಮ, ಯಾವ ನೆಲೆ

ದಿನಬಳಕೆಯ ಇಂಗ್ಲಿಷ್ ಎಂದರೆ ನಿತ್ಯದ ಕೆಲಸಗಳಲ್ಲಿ ಎದುರಾಗುವ ಪದಗಳ, ರೂಢಿಯ ಮಾತುಗಳ ಒಂದು ಸಣ್ಣ ಸಂಗ್ರಹ. ಔಷಧದ ಚೀಟಿ ಓದುವುದು, ಬ್ಯಾಂಕಿನ ಅರ್ಜಿ ತುಂಬುವುದು, ಮೊಬೈಲಿಗೆ ಬಂದ ಸಂದೇಶ ತಿಳಿಯುವುದು, ಸಂದರ್ಶನದಲ್ಲಿ ತನ್ನ ಪರಿಚಯ ಹೇಳಿಕೊಳ್ಳುವುದು ಇದರ ವ್ಯಾಪ್ತಿ. ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಯಲ್ಲಿ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಊರುಗಳಲ್ಲಿ ಮನೆಯ ಮಾತು ಕನ್ನಡ, ದಖನಿ ಉರ್ದು, ಲಂಬಾಣಿ ಇಲ್ಲವೇ ಮರಾಠಿ. ಇಂಗ್ಲಿಷ್ ಇಲ್ಲಿ ಶಾಲೆಯಿಂದ, ಕಾಗದದಿಂದ, ಪರದೆಯಿಂದ ಬರುವ ಭಾಷೆ. ಅದನ್ನು ಕಲಿಯಬೇಕೆಂಬ ಹಂಬಲ ಎಲ್ಲ ಮನೆಗಳಲ್ಲೂ ಇದೆ. ಆದರೆ ಎಷ್ಟು, ಯಾವುದು, ಯಾವ ಕ್ರಮದಲ್ಲಿ ಎಂಬ ವಿಚಾರ ಹಂಬಲದಷ್ಟು ಬೆಳೆದಿಲ್ಲ. ಈ ಸೀಮೆಯ ಕಲಿಯುವವರಿಗೆ ಇಂಗ್ಲಿಷಿನ ನಾಮಪದಗಳ ಕೊರತೆ ಇಲ್ಲ. ಕ್ರಿಯಾಪದ, ಸಣ್ಣ ಸಂಬಂಧಸೂಚಕ ಪದ ಮತ್ತು ವಾಕ್ಯದ ಚೌಕಟ್ಟುಗಳ ಕೊರತೆ ಇದೆ. ಕನ್ನಡದ ಮೇಲೆ ನಿಂತು ಆ ಕೊರತೆ ತುಂಬುವುದೇ ಸರಿಯಾದ ಕಲಿಕೆ.

ಹಿನ್ನೆಲೆ

ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದಾಗ ಈ ಪ್ರದೇಶ ಮುಂಬಯಿ ಪ್ರಾಂತದ ಭಾಗವಾಗಿತ್ತು. ಕಚೇರಿ, ಕೋರ್ಟು, ಕಂದಾಯದ ಮೇಲ್ದರ್ಜೆಯ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕೆಳಹಂತದ ವ್ಯವಹಾರದ ಮಾತಿನಲ್ಲಿ ಪಾರಸಿ ಮತ್ತು ಮರಾಠಿಯಿಂದ ಬಂದ ಅರ್ಜಿ, ಪಗಾರ, ದವಾಖಾನಿಗಳು ಬೇರೂರಿದ್ದವು. ಹೊರಗಿನ ಪದಗಳನ್ನು ತನ್ನದಾಗಿಸಿಕೊಳ್ಳುವ ರೂಢಿ ಈ ಸೀಮೆಯ ಕನ್ನಡಕ್ಕೆ ಇಂಗ್ಲಿಷಿಗಿಂತ ಬಹಳ ಹಳೆಯದು.

1910ರಲ್ಲಿ ಆರಂಭವಾದ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರಾದ ಫ.ಗು. ಹಳಕಟ್ಟಿಯವರು ಇಂಗ್ಲಿಷ್ ಕಾನೂನು ಓದಿದ ವಕೀಲರು. ಅದೇ ವ್ಯಕ್ತಿ ಓಲೆಗರಿಗಳಿಂದ ವಚನಗಳನ್ನು ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು, ವಚನಗಳನ್ನು ಇಂಗ್ಲಿಷಿಗೂ ಅನುವಾದಿಸಿದರು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮೀಜಿಯವರು ಕನ್ನಡದ ಜೊತೆಗೆ ಇಂಗ್ಲಿಷ್, ಮರಾಠಿ, ಹಿಂದಿಗಳಲ್ಲಿಯೂ ಪ್ರವಚನ ನೀಡಿದರು. ಇಬ್ಬರಲ್ಲೂ ಕಾಣುವ ಸಂಗತಿ ಒಂದೇ: ತಾಯ್ನುಡಿಯಲ್ಲಿ ವಿಚಾರ ಗಟ್ಟಿಯಾಗಿದ್ದವರಿಗೆ ಇಂಗ್ಲಿಷ್ ಎರವಲು ವೇಷವಾಗದೆ ಕೆಲಸದ ಸಾಧನವಾಯಿತು.

ಶಾಲೆಯ ನೀತಿ ಈ ಅವಧಿಯಲ್ಲಿ ಹಲವು ಬಾರಿ ಬದಲಾಯಿತು. ಸ್ವಾತಂತ್ರ್ಯದ ನಂತರ ಮುಂಬಯಿ ರಾಜ್ಯ ಇಂಗ್ಲಿಷನ್ನು ಎಂಟನೆಯ ಇಯತ್ತೆಯಿಂದ ಕಲಿಸುವ ದಾರಿ ಹಿಡಿಯಿತು. 1956ರಲ್ಲಿ ಜಿಲ್ಲೆ ಏಕೀಕೃತ ರಾಜ್ಯಕ್ಕೆ ಸೇರಿತು; ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬಹುಕಾಲ ಐದನೆಯ ಇಯತ್ತೆಯಿಂದ ಇಂಗ್ಲಿಷ್ ಆರಂಭವಾಗುತ್ತಿತ್ತು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಅದು ಒಂದು ವಿಷಯವಾಯಿತು. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಎಂಟರಿಂದ ಐದಕ್ಕೆ, ಐದರಿಂದ ಒಂದಕ್ಕೆ ಆರಂಭದ ವಯಸ್ಸು ಇಳಿಯುತ್ತ ಬಂದಿದೆ. ಕಲಿಸುವ ಸರಕು ಮತ್ತು ಕ್ರಮದ ಬಗ್ಗೆ ಆಗಬೇಕಾದ ಚರ್ಚೆಯ ಬಹುಪಾಲನ್ನು ಈ ವಯಸ್ಸಿನ ಪ್ರಶ್ನೆಯೇ ನುಂಗಿತು.

ಇಂಗ್ಲಿಷ್ ಎಲ್ಲಿ ಎದುರಾಗುತ್ತದೆ

ಪದಗಳನ್ನು ಆರಿಸುವ ಮೊದಲು ಅವು ಎದುರಾಗುವ ತಾಣಗಳನ್ನು ಗುರುತಿಸಬೇಕು. ತಿಕೋಟಾ, ಬಬಲೇಶ್ವರ ಭಾಗ ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ಸೀಮೆ. ಸಾಂಗಲಿ, ತಾಸಗಾಂವದ ಪೇಟೆಯಲ್ಲಿ ಮಾಲು ಮಾರುವ ರೈತ ಮಾತಾಡುವುದು ಮರಾಠಿ ಅಥವಾ ಹಿಂದಿ. ಅಲ್ಲಿ ಇಂಗ್ಲಿಷ್ ಮಾತಿನ ಅಗತ್ಯ ತೀರ ಕಡಿಮೆ. ಆದರೆ ಅದೇ ರೈತನ ಕೈಗೆ ಬರುವ ಕೀಟನಾಶಕದ ಡಬ್ಬಿಯ ಮೇಲೆ ಇಂಗ್ಲಿಷ್ ಇದೆ. ಭಾರತದ ನಿಯಮದ ಪ್ರಕಾರ ಡಬ್ಬಿಯ ಮೇಲೆ ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತು ಇರಬೇಕು. ಕೆಂಪು ಮತ್ತು ಹಳದಿ ಬಣ್ಣದ ಗುರುತಿನೊಂದಿಗೆ ‘ಪಾಯಿಸನ್’, ನೀಲಿಯೊಂದಿಗೆ ‘ಡೇಂಜರ್’, ಹಸಿರಿನೊಂದಿಗೆ ‘ಕಾಷನ್’ ಎಂಬ ಪದ ಇರುತ್ತದೆ. ಎಷ್ಟು ನೀರಿಗೆ ಎಷ್ಟು ಔಷಧ ಎಂಬುದನ್ನು ‘ಡೈಲ್ಯೂಷನ್’, ಸಿಂಪಡಿಸಿದ ಎಷ್ಟು ದಿನದ ಮೇಲೆ ಕೊಯ್ಯಬಹುದು ಎಂಬುದನ್ನು ‘ವೇಟಿಂಗ್ ಪೀರಿಯಡ್’ ತಿಳಿಸುತ್ತವೆ. ಈ ನಾಲ್ಕೈದು ಪದಗಳ ತಿಳಿವಳಿಕೆ ರೈತನ ಆರೋಗ್ಯಕ್ಕೂ ಬೆಳೆಗೂ ನೇರವಾಗಿ ಸಂಬಂಧಿಸಿದೆ.

ಇದೇ ರೀತಿ ದವಾಖಾನೆಯಲ್ಲಿ ‘ಬಿಫೋರ್ ಫುಡ್’, ‘ಆಫ್ಟರ್ ಫುಡ್’, ‘ಶೇಕ್ ವೆಲ್ ಬಿಫೋರ್ ಯೂಸ್’, ‘ಎಕ್ಸ್‌ಪೈರಿ ಡೇಟ್’ ಎದುರಾಗುತ್ತವೆ. ಬ್ಯಾಂಕಿನ ಸಂದೇಶದಲ್ಲಿ ‘ಕ್ರೆಡಿಟೆಡ್ ಟು’ ಎಂದರೆ ಖಾತೆಗೆ ಹಣ ಬಂತು, ‘ಡೆಬಿಟೆಡ್ ಫ್ರಮ್’ ಎಂದರೆ ಖಾತೆಯಿಂದ ಹಣ ಹೋಯಿತು. ಓಟಿಪಿಯ ಜೊತೆಗೆ ‘ಡೋಂಟ್ ಶೇರ್’ ಎಂಬ ಎಚ್ಚರಿಕೆ ಇರುತ್ತದೆ. ಇದನ್ನು ಓದಲು ಬಾರದವರು ಮೋಸಕ್ಕೆ ಸುಲಭವಾಗಿ ಸಿಗುತ್ತಾರೆ. ಮಾತಿನ ಇಂಗ್ಲಿಷ್ ಬೇಕಾಗುವವರೂ ಇದ್ದಾರೆ: ಗೋಳಗುಮ್ಮಟ, ಇಬ್ರಾಹಿಂ ರೋಜಾ ತೋರಿಸುವ ಮಾರ್ಗದರ್ಶಿಗಳು, ಪುಣೆ, ಬೆಂಗಳೂರಿನ ಕಂಪನಿಗಳಿಗೆ ಹೋಗುವ ಯುವಕ ಯುವತಿಯರು, ಗೋವೆಯ ಹೋಟೆಲುಗಳಲ್ಲಿ ದುಡಿಯುವವರು. ಒಟ್ಟಿನಲ್ಲಿ ಈ ಪ್ರದೇಶದಲ್ಲಿ ದಿನಬಳಕೆಯ ಇಂಗ್ಲಿಷ್ ಮೊದಲು ಓದಿನ ಭಾಷೆ, ನಂತರ ಮಾತಿನ ಭಾಷೆ. ‘ಸ್ಪೋಕನ್ ಇಂಗ್ಲಿಷ್’ ಕಲಿಸುವ ತರಗತಿಗಳು ಈ ಕ್ರಮವನ್ನು ತಿರುವುಮುರುವು ಮಾಡುತ್ತವೆ.

ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ 1926ರಲ್ಲಿ ಬಂಗಾಳದ ಶಾಲೆಗಳನ್ನು ಕುರಿತು ಇಂಥದೇ ಮಾತು ಹೇಳಿದ್ದರು. ಬಹಳಷ್ಟು ಮಕ್ಕಳು ಶಾಲೆಯನ್ನು ನಡುವೆಯೇ ಬಿಡುತ್ತಾರೆ. ಆದ್ದರಿಂದ ಕಲಿಕೆ ಯಾವ ಹಂತದಲ್ಲಿ ನಿಂತರೂ ಅಷ್ಟರ ಮಟ್ಟಿನ ಪ್ರಯೋಜನ ಮಗುವಿನ ಕೈಯಲ್ಲಿ ಉಳಿಯಬೇಕು, ಅಂಥ ಪ್ರಯೋಜನ ಬೇಗ ಸಿಗುವುದು ಓದಿನಿಂದ ಎಂಬುದು ಅವರ ವಾದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹೊಲಕ್ಕೋ ಗುಳೆಗೋ ಹೋಗುವ ಹುಡುಗನಿಗೆ ಏಳು ವರ್ಷದ ಇಂಗ್ಲಿಷಿನಿಂದ ಒಂದು ಔಷಧದ ಚೀಟಿ ಓದುವಷ್ಟಾದರೂ ಶಕ್ತಿ ಬಂದಿರಬೇಕು. ಈ ಅಳತೆಗೋಲು ಸುಮಾರು ನೂರು ವರ್ಷದ ನಂತರವೂ ಸರಿಯಾಗಿಯೇ ಇದೆ.

ಎಷ್ಟು ಪದ ಬೇಕು

ಯಾವುದೇ ಭಾಷೆಯಲ್ಲಿ ಕೆಲವೇ ಪದಗಳು ಬಹಳ ಸಲ ಬರುತ್ತವೆ, ಬಹಳಷ್ಟು ಪದಗಳು ಅಪರೂಪಕ್ಕೆ ಬರುತ್ತವೆ. ಅಮೆರಿಕದ ಜಾರ್ಜ್ ಜಿಫ್ ಇದನ್ನು ಲೆಕ್ಕ ಹಾಕಿ ನಿಯಮವಾಗಿ ವಿವರಿಸಿದರು. ಕೆಲವೇ ಪದಗಳಿಂದ ಕೆಲಸ ಸಾಗಿಸಬಹುದೆಂದು ಸಿ.ಕೆ. ಆಗ್ಡೆನ್ 1930ರಲ್ಲಿ 850 ಪದಗಳ ಸರಳ ಇಂಗ್ಲಿಷನ್ನು ರೂಪಿಸಿದರು. ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಸಾಮಾನ್ಯ ಬಳಕೆಯ ಪಟ್ಟಿಯನ್ನು ಪ್ರಕಟಿಸಿದರು. ಸಾಮಾನ್ಯ ಬರಹದ ಒಂದು ಪುಟದಲ್ಲಿ ಬರುವ ಪದಗಳಲ್ಲಿ ಹೆಚ್ಚುಕಡಿಮೆ ಶೇ 80ರಷ್ಟು ಈ 2,000ದ ಒಳಗಿನವು. ಕಾದಂಬರಿ, ಪತ್ರಿಕೆಗಳನ್ನು ನೆರವಿಲ್ಲದೆ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಒಂದೇ ಮೂಲಪದದ ರೂಪಗಳ ಗುಂಪುಗಳು) ಬೇಕೆಂದು ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಅಂದಾಜು ಮಾಡಿದರು. ದಿನಬಳಕೆಗೆ ಅಷ್ಟು ಬೇಡ. ಮೊದಲ 2,000 ಪದ ಮತ್ತು ತನ್ನ ಕಸುಬಿನ ಒಂದೆರಡು ನೂರು ಪದ ಗಟ್ಟಿಯಾದರೆ ಸಾಕು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟನೆಯ ತರಗತಿಗೆ 220 ಶಾಲಾ ದಿನಗಳು. ದಿನಕ್ಕೆ ಒಂದೇ ಪದ ಕಲಿತರೂ ಹತ್ತು ವರ್ಷದಲ್ಲಿ 2,000 ದಾಟುತ್ತದೆ. ಹತ್ತನೆಯ ತರಗತಿಯಲ್ಲಿ 100 ಅಂಕದ ಇಂಗ್ಲಿಷ್ ಪರೀಕ್ಷೆ ಪಾಸಾದ ವಿದ್ಯಾರ್ಥಿ ಒಂದು ಅರ್ಜಿ ತುಂಬಲು ತಡಕಾಡಿದರೆ, ಅದಕ್ಕೆ ಕಾಲದ ಅಭಾವ ಕಾರಣವೆನ್ನಲಾಗದು. ಕಲಿತ ಪದಗಳ ಆಯ್ಕೆ ಮತ್ತು ಕಲಿತ ರೀತಿಯಲ್ಲೇ ಕಾರಣ ಹುಡುಕಬೇಕು.

ಆಯ್ಕೆಯ ತಪ್ಪು ಎದ್ದು ಕಾಣುವಂಥದು. ಅಂಗನವಾಡಿಯ ಗೋಡೆಯಿಂದ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಮಾರುವ ಪುಸ್ತಕಗಳವರೆಗೆ ಹಣ್ಣು, ಪ್ರಾಣಿ, ಬಣ್ಣ, ಹೂವುಗಳ ಹೆಸರುಗಳೇ ತುಂಬಿವೆ. ಆದರೆ ಶಾಲೆಯ ಮೆಟ್ಟಿಲು ಹತ್ತದವರ ಮಾತಿನಲ್ಲಿಯೂ ಕರೆಂಟ್, ಮೋಟರ್, ಡ್ರಿಪ್, ಸ್ಪ್ರೇ, ಪ್ಯಾಕಿಂಗ್, ಕೋಲ್ಡ್ ಸ್ಟೋರೇಜ್, ಲೋನ್, ಸಬ್ಸಿಡಿ, ಅಕೌಂಟ್, ಬ್ಯಾಲೆನ್ಸ್, ರಿಚಾರ್ಜ್ ಸಲೀಸಾಗಿ ಬರುತ್ತವೆ. ಕನ್ನಡ ಇವುಗಳನ್ನು ಹೆಸರುಗಳಾಗಿ ತೆಗೆದುಕೊಂಡು ‘ಮಾಡು’, ‘ಆಗು’ ಸೇರಿಸಿ ಕ್ರಿಯೆಯನ್ನಾಗಿಸುತ್ತದೆ: ರಿಚಾರ್ಜ್ ಮಾಡು, ಲೋನ್ ಪಾಸಾಗು. ಹೀಗಾಗಿ ಹೆಸರುಗಳು ನೂರಾರು ಬಂದರೂ ಇಂಗ್ಲಿಷಿನ ಕ್ರಿಯಾಪದಗಳೂ, ‘ಟು’, ‘ಫ್ರಮ್’, ‘ಬೈ’, ‘ಅಂಟಿಲ್’ಗಳಂಥ ಸಣ್ಣ ಪದಗಳೂ, ‘ಡು ಯು’, ‘ಕುಡ್ ಯು’, ‘ಹೌ ಮಚ್’ಗಳಂಥ ಪ್ರಶ್ನೆಯ ಚೌಕಟ್ಟುಗಳೂ ಒಳಗೆ ಬರಲೇ ಇಲ್ಲ. ಈಗಾಗಲೇ ಇರುವುದನ್ನು ಮತ್ತೆ ಕಲಿಸುತ್ತ, ಇಲ್ಲದಿರುವುದನ್ನು ಬಿಟ್ಟುಬಿಡುವ ಪಾಠಕ್ರಮ ಮಕ್ಕಳ ಕಾಲವನ್ನು ಕಳೆಯುತ್ತದೆ.

ಬಿಡಿ ಪದಕ್ಕಿಂತ ಪದಗುಚ್ಛ

ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆ ನಡೆಸಿದ ಹೆರಾಲ್ಡ್ ಪಾಮರ್ 1933ರ ತಮ್ಮ ವರದಿಯಲ್ಲಿ, ಯಾವ ಪದ ಯಾವುದರೊಂದಿಗೆ ಕೂಡಿ ಬರುತ್ತದೆ ಎಂಬ ಜೋಡಣೆಗಳನ್ನು ಇಡಿಯಾಗಿಯೇ ಕಲಿಯಬೇಕೆಂದು ತೋರಿಸಿದರು. ಕನ್ನಡದ ‘ಹಾಕು’ ಇದಕ್ಕೆ ಒಳ್ಳೆಯ ನಿದರ್ಶನ. ಲೈಟ್ ಹಾಕುವುದು ‘ಸ್ವಿಚ್ ಆನ್’, ಬಾಗಿಲು ಹಾಕುವುದು ‘ಕ್ಲೋಸ್’, ಅಂಗಿ ಹಾಕುವುದು ‘ಪುಟ್ ಆನ್’, ಲೋಟಕ್ಕೆ ನೀರು ಹಾಕುವುದು ‘ಪೋರ್’, ಸಹಿ ಹಾಕುವುದು ‘ಸೈನ್’. ‘ಹಾಕು ಎಂದರೆ ಪುಟ್’ ಎಂದು ಒಂದೇ ಸಮಪದ ಕಲಿತವನು ಐದರಲ್ಲಿ ನಾಲ್ಕು ಕಡೆ ತಪ್ಪುತ್ತಾನೆ. ಬಾಗಿಲಿನ ಜೊತೆ ‘ಕ್ಲೋಸ್’, ಸಹಿಯ ಜಾಗದಲ್ಲಿ ‘ಸೈನ್ ಹಿಯರ್’ ಎಂದು ಸಂದರ್ಭ ಸಹಿತ ಕಲಿತವನಿಗೆ ಆ ತೊಡಕಿಲ್ಲ.

ಜನ ಹೀಗೆ ಕಲಿಯಬಲ್ಲರು ಎಂಬುದಕ್ಕೆ ಪುರಾವೆ ಎಲ್ಲರ ಕಿವಿಯಲ್ಲೇ ಇದೆ. ಫೋನಿನಲ್ಲಿ ಕೇಳಿಬರುವ ‘ಸ್ವಿಚ್ಡ್ ಆಫ್’, ‘ನಾಟ್ ರೀಚಬಲ್’ ಎಂಬ ಮಾತುಗಳ ಅರ್ಥ ಅಕ್ಷರ ಬಾರದ ಅಜ್ಜಿಗೂ ಗೊತ್ತು. ಸೊಲ್ಲಾಪುರ–ಗದಗ ಮಾರ್ಗದ ವಿಜಯಪುರ ರೈಲು ನಿಲ್ದಾಣದಲ್ಲಿ ಒಂದೇ ಘೋಷಣೆ ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಒಂದರ ಹಿಂದೊಂದು ಕೇಳಿಬರುತ್ತದೆ. ಅರ್ಥ ಕನ್ನಡದಲ್ಲಿ ಮೊದಲೇ ತಿಳಿದಿರುವುದರಿಂದ ‘ಅರೈವಿಂಗ್ ಶಾರ್ಟ್ಲಿ’, ‘ಪ್ಲಾಟ್‌ಫಾರ್ಮ್ ನಂಬರ್’ ಎಂಬ ಗುಚ್ಛಗಳು ಕಲಿಸುವವರಿಲ್ಲದೆಯೇ ಕೂರುತ್ತವೆ. ಗೊತ್ತಿರುವ ಅರ್ಥ, ಬದಲಾಗದ ಸಂದರ್ಭ, ಮತ್ತೆ ಮತ್ತೆ ಕೇಳುವ ಅವಕಾಶ ಎಂಬ ಮೂರು ಕೂಡಿದಾಗ ಕಲಿಕೆ ತಾನಾಗಿ ನಡೆಯುತ್ತದೆ. ಶಾಲೆ ಅನುಸರಿಸಬೇಕಾದ ಮಾದರಿಯೂ ಇದೇ.

ಕನ್ನಡದ ರಚನೆಯಿಂದ ಇಂಗ್ಲಿಷಿನ ರಚನೆಗೆ

ಕನ್ನಡಿಗರ ಇಂಗ್ಲಿಷಿನ ತಪ್ಪುಗಳು ಅಡ್ಡಾದಿಡ್ಡಿಯಾಗಿ ಬರುವುದಿಲ್ಲ. ಅವು ಕನ್ನಡದ ರಚನೆಯಿಂದ ಹುಟ್ಟುತ್ತವೆ. ಕನ್ನಡದಲ್ಲಿ ಹಸಿವು, ಜ್ವರ, ಬೇಕು, ಗೊತ್ತು ಎಲ್ಲಕ್ಕೂ ‘ನನಗೆ’ ಒಂದೇ. ಇಂಗ್ಲಿಷಿನಲ್ಲಿ ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಫೀವರ್’, ‘ಐ ನೀಡ್’, ‘ಐ ನೋ’ ಎಂದು ಕರ್ತೃ ‘ಐ’ ಆಗಿ, ಕ್ರಿಯಾಪದ ಪ್ರತಿ ಸಲ ಬೇರೆಯಾಗುತ್ತದೆ. ‘ನೀವು ನಿನ್ನೆ ಬಂದಿಲ್ಲೇನ್ರಿ?’ ಎಂದು ಕೇಳಿದರೆ ‘ಹೌದ್ರಿ, ಬಂದಿಲ್ಲ’ ಎನ್ನುವುದು ಇಲ್ಲಿ ಸಹಜ. ಇಂಗ್ಲಿಷಿನಲ್ಲಿ ಬಾರದಿದ್ದವನ ಉತ್ತರ ‘ನೋ’ ಎಂದೇ ಆರಂಭವಾಗಬೇಕು. ‘ಯೆಸ್’ ಎಂದರೆ ಬಂದಿದ್ದೆ ಎಂದಾಗುತ್ತದೆ. ಸಂದರ್ಶನದಲ್ಲಿ, ಕೋರ್ಟಿನಲ್ಲಿ, ದವಾಖಾನೆಯಲ್ಲಿ ಈ ಒಂದು ವ್ಯತ್ಯಾಸ ಅರ್ಥವನ್ನೇ ತಲೆಕೆಳಗು ಮಾಡಬಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಗೌರವದ ವಿಷಯ. ವಿಜಯಪುರದ ಕನ್ನಡದಲ್ಲಿ ‘ಬರ್ರಿ’, ‘ಕೂಡ್ರಿ’, ‘ನೀರ ಕೊಡ್ರಿ’ ಎಂದಾಗ ಗೌರವ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ, ಬೇರೆ ಪದ ಬೇಕಿಲ್ಲ. ಇದನ್ನೇ ‘ಗಿವ್ ವಾಟರ್’ ಎಂದು ಇಂಗ್ಲಿಷಿಗೆ ತಂದರೆ ಆ ಗೌರವ ದಾರಿಯಲ್ಲೇ ಉದುರಿ, ಕೇಳುವವರಿಗೆ ಅಪ್ಪಣೆಯಂತೆ ಒರಟಾಗಿ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಗೌರವ ಇರುವುದು ‘ಪ್ಲೀಸ್’, ‘ಕುಡ್ ಯು’, ‘ಮೇ ಐ’, ‘ವುಡ್ ಯು ಮೈಂಡ್’ ಎಂಬ ಚೌಕಟ್ಟುಗಳಲ್ಲಿ. ಅತ್ಯಂತ ಮರ್ಯಾದಸ್ಥ ಕನ್ನಡ ಮಾತಾಡುವ ಹುಡುಗ ಇಂಗ್ಲಿಷಿನಲ್ಲಿ ಒರಟನೆಂದು ತಪ್ಪಾಗಿ ಎಣಿಸಲ್ಪಟ್ಟರೆ ಅದು ಅವನ ಸ್ವಭಾವದ ದೋಷವಾಗದು. ಈ ಚೌಕಟ್ಟುಗಳನ್ನು ಮೊದಲ ವರ್ಷಗಳಲ್ಲೇ ಕಲಿಸದ ಪಾಠದ ದೋಷ. ‘ಕೊಡ್ರಿ’ ಮತ್ತು ‘ಕೊಡು’ಗಳ ಅಂತರ ಬಲ್ಲ ಮಗುವಿಗೆ ‘ಕುಡ್ ಯು’ ಮತ್ತು ‘ಗಿವ್’ಗಳ ಅಂತರ ಹೇಳಿಕೊಡಲು ಹತ್ತು ನಿಮಿಷ ಸಾಕು. ತರಗತಿಯಲ್ಲಿ ಕನ್ನಡವನ್ನು ನಿಷೇಧಿಸುವ ಕ್ರಮ ಈ ಹತ್ತು ನಿಮಿಷದ ವಿವರಣೆಯ ದಾರಿಯನ್ನೇ ಮುಚ್ಚುತ್ತದೆ.

ಉಚ್ಚಾರದಲ್ಲಿಯೂ ಇದೇ ಬಗೆಯ ಹೋಲಿಕೆ ನೆರವಾಗುತ್ತದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಬಸ್ಸು, ಬೆಂಚು, ಕಾರು ಎಂಬ ರೂಪಗಳು ಬಂದವು. ಇಂಗ್ಲಿಷ್ ಮಾತಾಡುವಾಗ ಆ ಕೊನೆಯ ‘ಉ’ ಬಿಡಬೇಕು. ‘ಫೋನ್’, ‘ಝೀರೋ’ಗಳ ಮೊದಲ ಧ್ವನಿಗಳು ಹಳ್ಳಿಯ ಕನ್ನಡದಲ್ಲಿ ‘ಪ’, ‘ಜ’ಗಳಾಗುತ್ತವೆ, ದಖನಿ ಮಾತಾಡುವ ಮಕ್ಕಳಿಗೆ ಅವು ಮನೆಯಿಂದಲೇ ಬಂದಿರುತ್ತವೆ. ಒಂದೇ ಬೆಂಚಿನಲ್ಲಿ ಕೂತ ಈ ಮಕ್ಕಳು ಒಬ್ಬರಿಗೊಬ್ಬರು ಕಲಿಸಬಹುದು. ಇಂಗ್ಲಿಷಿನಲ್ಲಿ ಪದದ ಯಾವ ಭಾಗ ಒತ್ತಿ ಹೇಳಬೇಕೆಂಬುದೂ ಅರ್ಥ ನಿರ್ಣಯಿಸುತ್ತದೆ: ‘ರೆಕಾರ್ಡ್’ ಎಂಬುದರ ಮೊದಲ ಭಾಗ ಒತ್ತಿದರೆ ದಾಖಲೆ, ಎರಡನೆಯದು ಒತ್ತಿದರೆ ದಾಖಲಿಸು. ಕನ್ನಡಕ್ಕೆ ಈ ಭೇದವಿಲ್ಲ. ಬರೆದಂತೆ ಓದುವ ಲಿಪಿಗೆ ಒಗ್ಗಿದವರಿಗೆ ಇಂಗ್ಲಿಷಿನ ಕಾಗುಣಿತವೂ ತೊಡಕು. ಇವೆರಡಕ್ಕೂ ಕೇಳುವುದೊಂದೇ ಮದ್ದು. ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವುದು ಆರಂಭಕ್ಕೆ ಒಳ್ಳೆಯದು, ಆದರೆ ಅಲ್ಲಿಯೇ ನಿಂತವನಿಗೆ ಡಬ್ಬಿಯ ಮೇಲಿನ ಬರಹ ಓದಲು ಬಾರದು.

ಮರೆವು ಮತ್ತು ಮರುಬಳಕೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಹೊಸದಾಗಿ ಬಾಯಿಪಾಠ ಮಾಡಿದ್ದರ ದೊಡ್ಡ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ. ಅಂತರ ಬಿಟ್ಟು ಮತ್ತೆ ಓದಿದ್ದು ಹೆಚ್ಚು ಕಾಲ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನೂರು ಪದ ಉರುಹೊಡೆಯುವ ರೂಢಿ ಈ ಅರಿವಿಗೆ ನೇರ ವಿರುದ್ಧ. ದಿನಕ್ಕೆ ನಾಲ್ಕೈದು ಗುಚ್ಛ ಕಲಿತು, ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಅವನ್ನೇ ಮತ್ತೆ ಎದುರಿಸುವುದು ಫಲ ಕೊಡುವ ಕ್ರಮ. ‘30 ದಿನಗಳಲ್ಲಿ ಇಂಗ್ಲಿಷ್’ ಎಂಬ ಭರವಸೆಯ ಪುಸ್ತಕಗಳಲ್ಲಿ ಉಪಯುಕ್ತ ವಾಕ್ಯಗಳು ಸಾಕಷ್ಟಿವೆ, ಆದರೆ ಮೂವತ್ತು ದಿನದ ನಂತರದ ಮರುಓದಿಗೆ ಅವುಗಳಲ್ಲಿ ಜಾಗವಿಲ್ಲ.

ಮರುಬಳಕೆಗೆ ಸಾಮಗ್ರಿ ಹೊರಗಿನಿಂದ ತರಬೇಕಿಲ್ಲ. ಔಷಧದ ಖಾಲಿ ಪೊಟ್ಟಣ, ಬ್ಯಾಂಕಿನ ಚಲನ್, ರಸಗೊಬ್ಬರದ ಚೀಲ, ರೈಲಿನ ಟಿಕೆಟ್, ಗೋಳಗುಮ್ಮಟದ ಮುಂದಿನ ಮಾಹಿತಿ ಫಲಕ ಎಲ್ಲವೂ ಪಾಠದ ಪುಟಗಳೇ. ಮಗು ಇವನ್ನು ಓದಿ ಮನೆಯವರಿಗೆ ಕನ್ನಡದಲ್ಲಿ ಅರ್ಥ ಹೇಳಿದರೆ ಓದು, ನೆನಪು, ಬಳಕೆ ಒಟ್ಟಿಗೆ ನಡೆಯುತ್ತವೆ. ಮನೆಗೂ ಅದರಿಂದ ಅಂದೇ ಉಪಯೋಗವಾಗುತ್ತದೆ.

ಮಾಧ್ಯಮದ ಪ್ರಶ್ನೆ

ಇಂಗ್ಲಿಷ್ ಕಲಿಯಲು ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಓದಬೇಕೆಂಬ ನಂಬಿಕೆ ಬಲವಾಗಿದೆ. ರಾಜ್ಯ ಸರ್ಕಾರ 1994ರಲ್ಲಿ ನಾಲ್ಕನೆಯ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಮಾಡಿದ ಆದೇಶ, ನ್ಯಾಯಾಲಯಗಳ ಮೆಟ್ಟಿಲೇರಿ, 2014ರ ಮೇ 6ರ ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಪಾಲಕರದೆಂದು ನ್ಯಾಯಾಲಯ ಹೇಳಿತು. ಆಯ್ಕೆಯ ಹಕ್ಕು ಸಿಕ್ಕಮೇಲೆ ಆಯ್ಕೆಯ ವಿವೇಕದ ಹೊಣೆಯೂ ಪಾಲಕರ ಮೇಲೆ ಬಂತು. ಗಣಿತ, ವಿಜ್ಞಾನಗಳನ್ನು ಅರಿಯದ ಭಾಷೆಯಲ್ಲಿ ಉರುಹೊಡೆದ ಮಗುವಿಗೆ ವಿಷಯವೂ ದಕ್ಕುವುದಿಲ್ಲ, ಭಾಷೆಯೂ ದಕ್ಕುವುದಿಲ್ಲ. ಸಂಭಾಷಣೆಗೆ, ಓದಿಗೆ ಬೇಕಾದ 2,000 ಪದಗಳು ಮಾಧ್ಯಮ ಬದಲಿಸದೆಯೇ, ಒಂದು ವಿಷಯವಾಗಿ ಚೆನ್ನಾಗಿ ಕಲಿಸಿದರೆ ಬರುವಂಥವು.

ಇದೇ ವೇಳೆ ಕನ್ನಡದ ಹಕ್ಕನ್ನು ಮರೆಯುವಂತಿಲ್ಲ. ವಿಷದ ಡಬ್ಬಿ, ಔಷಧದ ಚೀಟಿ, ಬ್ಯಾಂಕಿನ ಸಂದೇಶ ಓದಲು ಜನ ಇಂಗ್ಲಿಷ್ ಕಲಿಯಲಿ ಎಂದು ಹೇಳಿ ಸರ್ಕಾರವೂ ಕಂಪನಿಗಳೂ ತಮ್ಮ ಹೊಣೆಯಿಂದ ಜಾರಿಕೊಳ್ಳಬಾರದು. ಜೀವಕ್ಕೂ ಹಣಕ್ಕೂ ಸಂಬಂಧಿಸಿದ ಪ್ರತಿ ಬರಹವೂ ಕನ್ನಡದಲ್ಲಿ ಎದ್ದು ಕಾಣುವಂತೆ ಇರಬೇಕು. ಇಂಗ್ಲಿಷ್ ಕಲಿಕೆ ಅವಕಾಶ ಹೆಚ್ಚಿಸಲು ಬೇಕು. ಬದುಕಿ ಉಳಿಯಲು ಅದು ಷರತ್ತಾಗಬಾರದು.

ವಿಜಯಪುರ ಸೀಮೆಯ ಶಿಕ್ಷಕರೂ ಪಾಲಕರೂ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಹೆಸರುಗಳ ಪಟ್ಟಿಯನ್ನು ಬದಿಗಿಟ್ಟು ಕ್ರಿಯಾಪದಗಳಿಗೂ ಗೌರವದ ಚೌಕಟ್ಟುಗಳಿಗೂ ಮೊದಲ ಸ್ಥಾನ ಕೊಡಬೇಕು. ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಹಿಂಜರಿಯಬಾರದು. ಮನೆ, ಹೊಲ, ಪೇಟೆಗಳಲ್ಲಿ ಸಿಗುವ ಇಂಗ್ಲಿಷನ್ನು ಮಕ್ಕಳಿಂದ ಓದಿಸಬೇಕು, ತಪ್ಪಿದಾಗ ನಗಬಾರದು. ಇಷ್ಟು ನಡೆದರೆ ಕನ್ನಡ ಶಾಲೆಯಲ್ಲಿ ಕಲಿತ ಮಗುವೂ ಹತ್ತನೆಯ ಇಯತ್ತೆ ಮುಗಿಸುವ ಹೊತ್ತಿಗೆ ದಿನಬಳಕೆಯ ಇಂಗ್ಲಿಷನ್ನು ಧೈರ್ಯದಿಂದ ಬಳಸಬಲ್ಲದು.